ಡಿಕ್ಕಿಯಲ್ಲಿ ಫಾಲ್ಸ್ ಫ್ಲೋರ್: ಕಟ್ಟುವುದು, ಗಟ್ಟಿಯಾಗಿ ಹಿಡಿಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿಗೆ ಆಂಪ್ಲಿಫೈಯರ್ (ಆಂಪ್), ಬೇಸ್ ಸದ್ದಿನ ಸ್ಪೀಕರ್ ಆದ ಸಬ್‌ವೂಫರ್ (ಸಬ್) ಹಾಕಿಸುವವರು, ಡಿಕ್ಕಿಯಲ್ಲಿ ಟೂಲ್ಸ್ ಜೋಡಿಸಿಕೊಂಡು ಓಡಾಡುವವರು, ಸೀಟು ಮಡಚಿ ಕಾರಲ್ಲೇ ಮಲಗುವ ಪ್ಲಾನ್ ಇರುವವರು, ಎಲ್ಲರಿಗೂ ಒಂದಲ್ಲ ಒಂದು ದಿನ ಫಾಲ್ಸ್ ಫ್ಲೋರ್ ಬೇಕಾಗುತ್ತದೆ. ಕಾರ್ಪೆಟ್ ಬಣ್ಣ, ಎಲ್‌ಇಡಿ ಸ್ಟ್ರಿಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಕಾರಿನ ಲೋಹದ ಬಾಡಿಯನ್ನು ಹೇಗೆ ಹಿಡಿದುಕೊಂಡಿದೆ ಅಂತ ಕೇಳುವವರು ಕಡಿಮೆ. ಆದರೆ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ಏನಾಗುತ್ತದೆ ಅನ್ನುವುದು ಆ ಪ್ರಶ್ನೆಯ ಮೇಲೇ ನಿಂತಿದೆ. ಅದಕ್ಕೇ ಇಲ್ಲಿ ಹಿಡಿಸುವ ವಿಷಯವೇ ಜಾಸ್ತಿ ಇದೆ.

ಫಾಲ್ಸ್ ಫ್ಲೋರ್ ಅಂದರೆ ನಿಜವಾಗಿ ಏನು? ನನಗೆ ಬೇಕೇ ಬೇಕಾ?

ಡಿಕ್ಕಿಯ ಅಸಲಿ ನೆಲದ ಮೇಲೆ ಸ್ವಲ್ಪ ಎತ್ತರದಲ್ಲಿ ಕೂರಿಸುವ ಎರಡನೇ ನೆಲ. ಕೆಳಗೆ ಆಂಪ್, ವೈರಿಂಗ್, ಟೂಲ್ ಕಿಟ್ ಇರುತ್ತವೆ. ಮೇಲೆ ಮಾಮೂಲಿ ಲಗೇಜ್. ಹ್ಯಾಚ್‌ಬ್ಯಾಕ್‌ಗಳಲ್ಲಿ ಇನ್ನೊಂದು ಲಾಭ ಇದೆ, ಹಿಂದಿನ ಸೀಟು ಮಡಚಿದಾಗ ಉಳಿಯುವ ಮೆಟ್ಟಿಲು ಮುಚ್ಚಿ ಸಪಾಟಾದ ಜಾಗ ಸಿಗುತ್ತದೆ.

ಒಂದೇ ಒಂದು ಚಿಕ್ಕ ಆಂಪ್ ಇದ್ದರೆ ಇದೆಲ್ಲ ಬೇಡ. ಸೀಟಿನ ಅಡಿಗೆ ಹೋಗುವ ಪುಟ್ಟ ಆಂಪ್‌ಗಳು ಈಗ ಬೇಕಾದಷ್ಟು ಸಿಗುತ್ತವೆ. ಡಿಕ್ಕಿಯ ಎತ್ತರ ಕಳೆದುಕೊಂಡು, ತೂಕ ಜಾಸ್ತಿ ಮಾಡಿಕೊಂಡು ನೆಲ ಕಟ್ಟಲು ಒಂದು ಕಾರಣ ಇರಬೇಕು.

ಹಲಗೆಯನ್ನು ಡಿಕ್ಕಿಯ ಅಳತೆಗೆ ಸರಿಯಾಗಿ ಕತ್ತರಿಸಿ ಟೈಟಾಗಿ ಕೂರಿಸಿದರೆ ಸಾಕಲ್ವಾ? ಬೋಲ್ಟ್ ಯಾಕೆ?

ಸಾಕಾಗಲ್ಲ. ತುಂಬಾ ಜನ ಹೀಗೇ ಬಿಡುತ್ತಾರೆ, ಅಂಗಡಿಗಳಲ್ಲೂ ಹೀಗೇ ಬಿಡುವವರಿದ್ದಾರೆ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ಗಂಟೆಗೆ 50 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಗೋಡೆಯೋ ಲಾರಿಯೋ ಸಿಕ್ಕಿ, ಕಾರಿನ ಮೂತಿ ಅರವತ್ತು ಸೆಂಟಿಮೀಟರ್ ನುಜ್ಜುಗುಜ್ಜಾಗಿ ನಿಂತಿತು ಅಂದುಕೊಳ್ಳಿ. ಆ ಕ್ಷಣದಲ್ಲಿ ಒಳಗಿರುವ ಪ್ರತಿ ವಸ್ತುವಿನ ಮೇಲೂ ಅದರ ತೂಕದ ಸುಮಾರು 16 ಪಟ್ಟು ಬಲ ಬೀಳುತ್ತದೆ, ಅದೂ ಸರಾಸರಿ, ಗರಿಷ್ಠ ಇನ್ನೂ ಜಾಸ್ತಿ. 12 ಇಂಚಿನ ಸಬ್‌ವೂಫರ್ ಇರುವ ಡಬ್ಬ 25 ಕೆಜಿ ಇದ್ದರೆ ಅದು 400 ಕೆಜಿಯ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಮುಂದೆ ಇರುವುದು ಹಿಂದಿನ ಸೀಟಿನ ಬೆನ್ನು. ಅದರ ಮುಂದೆ ಮನೆಯವರು.

ಕಾರ್ ಕಂಪನಿಗಳು ಸೀಟಿನ ಬೆನ್ನನ್ನು ಇದಕ್ಕಾಗಿ ಪರೀಕ್ಷೆ ಮಾಡುತ್ತವೆ. ವಿಶ್ವಸಂಸ್ಥೆಯ ವಾಹನ ಸುರಕ್ಷತಾ ನಿಯಮವಾದ ಯುಎನ್ ಆರ್17ರ ಲಗೇಜ್ ಪರೀಕ್ಷೆಯಲ್ಲಿ ಡಿಕ್ಕಿಯಲ್ಲಿ ತಲಾ 18 ಕೆಜಿಯ ಎರಡು ಬ್ಲಾಕ್ ಇಟ್ಟು 50 ಕಿ.ಮೀ. ವೇಗದ ಅಪಘಾತದಂತಹ ಹೊಡೆತ ಕೊಡುತ್ತಾರೆ. ಒಟ್ಟು 36 ಕೆಜಿ. ಹಲಗೆ, ಆಂಪ್, ಸಬ್, ಮೇಲೆ ಎರಡು ಸೂಟ್‌ಕೇಸ್ ಸೇರಿದರೆ ನೀವು ಆ ತೂಕವನ್ನು ಸುಲಭವಾಗಿ ದಾಟುತ್ತೀರಿ. ಹಾಗಾಗಿ ಸೀಟು ತಡೆಯುತ್ತದೆ ಅಂತ ನಂಬಿಕೊಂಡು ಕೂರಬಾರದು. ಫ್ಲೋರೂ ಅದಕ್ಕೆ ಹಿಡಿಸಿದ ಸಾಮಾನೂ ಕಾರಿನ ಲೋಹಕ್ಕೆ ಕಚ್ಚಿಕೊಂಡಿರಬೇಕು.

ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದು 20 ಪಟ್ಟು. ಹಿಡಿಸಿದ ಸಾಮಾನಿನ ಒಟ್ಟು ತೂಕವನ್ನು 20ರಿಂದ ಗುಣಿಸಿ. 35 ಕೆಜಿಗೆ 700 ಕೆಜಿ ಬಂತು. ಆ 700 ಕೆಜಿಯನ್ನು ಹಿಡಿದು ಎಳೆದರೆ ನಿಮ್ಮ ಫ್ಲೋರ್ ಜಾಗ ಬಿಟ್ಟು ಬರುತ್ತದಾ? ಉತ್ತರ "ಬರಬಹುದು" ಅಂತಿದ್ದರೆ ಕೆಲಸ ಮುಗಿದಿಲ್ಲ.

ಯಾವ ಹಲಗೆ ತರಬೇಕು? ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗುತ್ತಾ?

ನೆಲಕ್ಕೆ ಪ್ಲೈವುಡ್ ತನ್ನಿ. ಸ್ಪೀಕರ್ ಡಬ್ಬಕ್ಕೆ ಎಂಡಿಎಫ್ ಚೆನ್ನಾಗಿದೆ, ಆದರೆ ನೆಲಕ್ಕೆ ಬೇಡ. ಎಂಡಿಎಫ್ ಭಾರ, ನೀರು ಕುಡಿದರೆ ಉಬ್ಬುತ್ತದೆ, ಅಂಚಿಗೆ ಹೊಡೆದ ಸ್ಕ್ರೂ ಹಿಡಿತ ಬಿಡುತ್ತದೆ. ಮಳೆಗಾಲದಲ್ಲಿ ಒದ್ದೆ ಛತ್ರಿ, ಒದ್ದೆ ಚಪ್ಪಲಿ ಎಲ್ಲ ಬಂದು ಬೀಳುವ ಜಾಗ ಇದು.

ಪ್ಲೈವುಡ್ ಮೇಲೆ ಐಎಸ್ 303 ಗುರುತು ಇರುವ ಬಿಡಬ್ಲ್ಯುಆರ್ (ಕುದಿಯುವ ನೀರನ್ನೂ ತಡೆಯುವ) ದರ್ಜೆ ಇದ್ದರೆ ಸಾಕು. ಐಎಸ್ 710 ಅಂದರೆ ಮರೈನ್ ಪ್ಲೈ. ಮಂಗಳೂರು, ಉಡುಪಿ, ಕಾರವಾರ ಕಡೆಯವರು ಆ ದುಡ್ಡು ಕೊಟ್ಟರೂ ಸಾರ್ಥಕ. ದಪ್ಪ 12 ಎಂಎಂ. ಕೆಳಗೆ ಸರಿಯಾದ ಚೌಕಟ್ಟು ಇದ್ದು, ಆಧಾರದಿಂದ ಆಧಾರಕ್ಕೆ ನಲವತ್ತು ಸೆಂಟಿಮೀಟರ್ ಮೀರದಿದ್ದರೆ ಮಾಮೂಲಿ ಲಗೇಜಿಗೆ 12 ಎಂಎಂ ಸಾಕು. ಚೌಕಟ್ಟು ಇಲ್ಲದೆ ಅಂಚಿನ ಮೇಲಷ್ಟೇ ಕೂರಿಸುವುದಾದರೆ 18 ಎಂಎಂ ಬೇಕಾಗುತ್ತದೆ, ಆದರೂ ಅದು ನಡುವೆ ಜಗ್ಗುತ್ತದೆ. ಒಂದು ಮೀಟರ್ ಅಗಲ, ಎಪ್ಪತ್ತು ಸೆಂಟಿಮೀಟರ್ ಉದ್ದದ ಹಲಗೆ 12 ಎಂಎಂನಲ್ಲಿ ಸುಮಾರು 5 ಕೆಜಿ, 18 ಎಂಎಂನಲ್ಲಿ ಏಳೂವರೆ ಕೆಜಿ ಆಸುಪಾಸು ತೂಗುತ್ತದೆ.

ಎಂಟು-ನಾಲ್ಕು ಅಡಿಯ ಪೂರ್ತಿ ಶೀಟ್ ತರಬೇಡಿ, ನಿಮ್ಮ ಅಳತೆಗೆ ಬೇಕಾದಷ್ಟು ತುಂಡು ಸಾಕು. ಮರಗೆಲಸದವರ ಹತ್ತಿರ ಉಳಿದ ತುಂಡು ಇರುತ್ತದೆ, ಕೇಳಿ ನೋಡಿ. ತಂದ ತುಂಡಿನ ಅಂಚನ್ನು ಮಾತ್ರ ಗಮನಿಸಿ. ಪದರಗಳ ನಡುವೆ ಸಂದು, ಪೊಳ್ಳು ಕಂಡರೆ ಅದು ಬೇಡ.

ಕೆಳಗೆ ಚೌಕಟ್ಟು ಬೇಕೇ ಬೇಕಾ? ಮರದ್ದಾ, ಕಬ್ಬಿಣದ್ದಾ?

ಮೇಲೆ ಬಟ್ಟೆಯ ಬ್ಯಾಗ್ ಮಾತ್ರ ಇಡುತ್ತೀರಿ, ಕೆಳಗೆ ಏನೂ ಹಿಡಿಸಿಲ್ಲ ಅಂದರೆ ಬೇಡ. ಸಬ್ ಅಥವಾ ಆಂಪ್ ಇದ್ದರೆ ಬೇಕು.

25×25 ಎಂಎಂ ಎಂಎಸ್ (ಮಾಮೂಲಿ ಉಕ್ಕಿನ) ಚೌಕ ಪೈಪ್, 16 ಗೇಜ್ (ಸುಮಾರು 1.6 ಎಂಎಂ ದಪ್ಪ) ತೆಗೆದುಕೊಂಡರೆ ಮೀಟರಿಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಯಾವ ಊರಿನ ವೆಲ್ಡಿಂಗ್ ಶಾಪಿನಲ್ಲೂ ಮಾಡಿಕೊಡುತ್ತಾರೆ. ವೆಲ್ಡಿಂಗ್ ಕೆಲಸ ಕಾರಿನ ಹೊರಗೇ ನಡೆಯಲಿ. ಕಾರಿನ ಬಾಡಿಗೆ ಏನನ್ನೂ ವೆಲ್ಡ್ ಮಾಡಿಸಬೇಡಿ, ಒಳಗಿನ ಲೇಪನ ಸುಟ್ಟು ತುಕ್ಕು ಶುರುವಾಗುತ್ತದೆ, ಇಸಿಯು (ಕಾರಿನ ಕಂಪ್ಯೂಟರ್) ಮತ್ತು ಏರ್‌ಬ್ಯಾಗ್ ವೈರಿಂಗ್‌ಗೂ ಅಪಾಯ. ಅಲ್ಯೂಮಿನಿಯಂ ಸೆಕ್ಷನ್ ಹಗುರ, ತುಕ್ಕು ಹಿಡಿಯಲ್ಲ, ಆದರೆ ಮೂಲೆಗಳಲ್ಲಿ ಒಳ್ಳೆಯ ಎಲ್ ಬ್ರಾಕೆಟ್ ಮತ್ತು ಬೋಲ್ಟ್ ಹಾಕಿ ಜೋಡಿಸಬೇಕು. ಬರೀ ಪಾಪ್ ರಿವೆಟ್ ಹೊಡೆದು ಬಿಟ್ಟರೆ ನಮ್ಮ ಹಂಪ್‌ಗಳ ಮೇಲೆ ಕೆಲವೇ ತಿಂಗಳಲ್ಲಿ ಆಡಲು ಶುರುವಾಗುತ್ತದೆ.

ಮರದ ಚೌಕಟ್ಟೂ ಕೆಟ್ಟದ್ದಲ್ಲ, ಕೀಲುಗಳಿಗೆ ಅಂಟು ಮತ್ತು ಸ್ಕ್ರೂ ಎರಡೂ ಇರಬೇಕು ಅಷ್ಟೇ. ಆದರೆ ಕಾರಿನ ಬಾಡಿಯೊಳಕ್ಕೆ ಹೋಗುವ ಬೋಲ್ಟ್ ಬರೀ ಮರದ ಮೇಲೆ ಕೂರಬಾರದು. ಅಲ್ಲಿ ಲೋಹದ ಪಟ್ಟಿ ಇರಲಿ.

ಅಳತೆ ತೆಗೆಯುವುದು ಹೇಗೆ? ನನ್ನ ಡಿಕ್ಕಿ ಎಲ್ಲ ಕಡೆ ವಕ್ರವಾಗಿದೆ.

ಎಲ್ಲರದ್ದೂ ವಕ್ರವೇ. ಫ್ರಿಜ್ ಅಥವಾ ವಾಷಿಂಗ್ ಮೆಷಿನ್ ಬಂದ ರಟ್ಟಿನ ಡಬ್ಬ ಸಿಕ್ಕರೆ ಅದರಿಂದ ಮೊದಲು ರಟ್ಟಿನ ನೆಲ ಮಾಡಿ. ಒಂದೇ ತುಂಡಿನಲ್ಲಿ ಮಾಡಲು ಹೋಗಬೇಡಿ. ನಡುವೆ ದೊಡ್ಡ ಚೌಕ ಇಟ್ಟು, ಅಂಚಿಗೆ ಸಣ್ಣ ಸಣ್ಣ ಪಟ್ಟಿ ಟೇಪ್ ಹಾಕುತ್ತಾ ಗೋಡೆಯ ತಿರುವಿಗೆ ಹೊಂದಿಸಿ. ಆಮೇಲೆ ಡಿಕ್ಕಿ ಬಾಗಿಲು ಮುಚ್ಚಿ ನೋಡಿ, ಹಿಂದಿನ ಸೀಟು ಮಡಚಿ ಎತ್ತಿ ನೋಡಿ, ಸ್ಟೆಪ್ನಿ ಹೊರಗೆ ತೆಗೆದು ನೋಡಿ. ಮೂರೂ ಆಗಬೇಕು. ಆಗ ಮಾತ್ರ ಪ್ಲೈ ಮೇಲೆ ಗೆರೆ ಎಳೆಯಿರಿ.

ಗೆರೆ ಎಳೆಯುವಾಗ ಸುತ್ತ 4-5 ಎಂಎಂ ಒಳಗೆ ಬನ್ನಿ, ಕಾರ್ಪೆಟ್ ದಪ್ಪಕ್ಕೆ ಅಷ್ಟು ಬೇಕು. ಮುಂದೆ ಸೀಟಿನ ಕಡೆ ಮತ್ತು ಹಿಂದೆ ಬಾಗಿಲಿನ ಕಡೆ ಇನ್ನೂ ಜಾಸ್ತಿ ಬಿಡಿ, ಎರಡು ಬೆರಳು ಸಲೀಸಾಗಿ ಹೋಗುವಷ್ಟು. ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ಡಿಕ್ಕಿ ಒಳಕ್ಕೆ ಮಡಚಿಕೊಳ್ಳಬೇಕು, ಕಾರನ್ನು ಮಾಡಿರುವುದೇ ಹಾಗೆ. ಬಾಗಿಲಿನಿಂದ ಸೀಟಿನ ತನಕ ಬಿಗಿಯಾಗಿ ಕೂತ 18 ಎಂಎಂ ಹಲಗೆ ಆ ಹೊಡೆತವನ್ನು ನೇರವಾಗಿ ಸೀಟಿಗೆ ತಲುಪಿಸುತ್ತದೆ. ಇದೇ ಕಾರಣಕ್ಕೆ ನನಗೆ ಎರಡು ತುಂಡಿನ ಫ್ಲೋರ್ ಇಷ್ಟ. ಮುಂದಿನ ಅರ್ಧ ಬೋಲ್ಟ್ ಹಾಕಿದ್ದು, ಹಿಂದಿನ ಅರ್ಧ ಕೀಲು ಇರುವ ಮುಚ್ಚಳ. ಎತ್ತಲು ಹಗುರ, ಸ್ಟೆಪ್ನಿಗೂ ದಾರಿ.

ಫ್ಲೋರನ್ನು ಕಾರಿನ ಬಾಡಿಯಲ್ಲಿ ಎಲ್ಲಿ ಹಿಡಿಸಬೇಕು?

ಕಂಪನಿಯವರೇ ನಟ್ಟು ಕೂರಿಸಿರುವ ಜಾಗಗಳನ್ನು ಮೊದಲು ಹುಡುಕಿ. ಕಾರ್ಪೆಟ್ ಎತ್ತಿ, ಪಕ್ಕದ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಇವು ಸಿಗುತ್ತವೆ: ಲಗೇಜ್ ಕಟ್ಟುವ ಕೊಕ್ಕೆಗಳ ಬೋಲ್ಟ್, ಮಡಚುವ ಸೀಟಿನ ಕೀಲಿನ ಹತ್ತಿರದ ದಪ್ಪ ಬ್ರಾಕೆಟ್, ಸ್ಟೆಪ್ನಿ ಹಿಡಿಯುವ ನಡುವಿನ ಬೋಲ್ಟ್, ಕೆಲವು ಮಾಡೆಲ್‌ಗಳಲ್ಲಿ ಮೇಲಿನ ವೇರಿಯಂಟ್‌ಗೆ ಮಾತ್ರ ಬಳಸುವ, ನಿಮ್ಮ ಕಾರಿನಲ್ಲಿ ಖಾಲಿ ಉಳಿದಿರುವ ನಟ್ಟುಗಳು.

ಲಗೇಜ್ ಕೊಕ್ಕೆಯ ಜಾಗ ತುಂಬಾ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಬಾಡಿಯ ಒಳಗೆ ಗಟ್ಟಿ ನಟ್ಟು ಇರುತ್ತದೆ, ಎರಡೂ ಕಡೆ ಇರುತ್ತದೆ, ಎಳೆತ ತಡೆಯಲೆಂದೇ ಇರುತ್ತದೆ. ಕೊಕ್ಕೆ ಬಿಚ್ಚಿ 3 ಎಂಎಂ ದಪ್ಪದ ಎಲ್ ಬ್ರಾಕೆಟ್ ಕೂರಿಸಿ, ಮೇಲೆ ಕೊಕ್ಕೆಯನ್ನೂ ವಾಪಸ್ ಹಾಕಬಹುದು. ಬ್ರಾಕೆಟ್ ದಪ್ಪದಷ್ಟು ಉದ್ದ ಜಾಸ್ತಿ ಇರುವ, ಅದೇ ದರ್ಜೆಯ ಬೋಲ್ಟ್ ಬೇಕಾಗುತ್ತದೆ, ಅದನ್ನು ಮರೆಯಬೇಡಿ.

ಸ್ಟೆಪ್ನಿ ಬೋಲ್ಟ್ ಕೆಳಕ್ಕೆ ಅದುಮಿ ಹಿಡಿಯಲು ಚೆನ್ನಾಗಿದೆ. ಆದರೆ ಅದೊಂದನ್ನೇ ನಂಬಬೇಡಿ, ಅದು ಒಂದು ಚಕ್ರದ ತೂಕಕ್ಕೆ ಇಟ್ಟದ್ದು.

ಕಡೇ ಪಕ್ಷ ನಾಲ್ಕು ಕಡೆ ಹಿಡಿತ ಇರಲಿ, ಆದಷ್ಟು ದೂರ ದೂರ, ಮೂಲೆಗಳ ಹತ್ತಿರ. ಅಪಘಾತದಲ್ಲಿ ಫ್ಲೋರ್ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಹಿಂಭಾಗ ಮೇಲಕ್ಕೆ ಏಳುತ್ತದೆ. ಎತ್ತರದ ಸಬ್ ಡಬ್ಬ ಹಿಡಿಸಿದ್ದರೆ ಅದು ಮುಂದಕ್ಕೆ ಪಲ್ಟಿ ಹೊಡೆಯಲು ನೋಡುತ್ತದೆ, ಹಿಂದಿನ ಎರಡು ಬೋಲ್ಟ್‌ಗಳೇ ಅದನ್ನು ಕೆಳಗೆ ಎಳೆದು ಹಿಡಿಯಬೇಕು. ಮುಂದೆ ಎರಡು ಹಾಕಿ ಹಿಂದೆ ಸುಮ್ನೆ ಬಿಟ್ಟರೆ ಆಗಲ್ಲ.

ಸೀಟ್ ಬೆಲ್ಟ್ ಬೋಲ್ಟ್ ತುಂಬಾ ಗಟ್ಟಿ ಇದೆ, ಅದಕ್ಕೇ ಹಾಕಿದರೆ?

ಬೇಡ. ದಯವಿಟ್ಟು ಬೇಡ. ಆ ಬೋಲ್ಟ್ ಕೆಳಗೆ ಬ್ರಾಕೆಟ್ ತೂರಿಸಿದರೆ ಥ್ರೆಡ್ ಕಚ್ಚುವ ಉದ್ದ ಅಷ್ಟು ಕಡಿಮೆಯಾಗುತ್ತದೆ, ಬೆಲ್ಟಿನ ಪ್ಲೇಟ್ ತಿರುಗುವ ಕೋನ ಬದಲಾಗುತ್ತದೆ, ಅಪಘಾತದಲ್ಲಿ ಮನುಷ್ಯನ ತೂಕದ ಜೊತೆಗೆ ನಿಮ್ಮ ಸಬ್‌ವೂಫರ್ ತೂಕವೂ ಅದೇ ಬೋಲ್ಟ್ ಮೇಲೆ ಬೀಳುತ್ತದೆ. ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳಿಗೂ ಇದೇ ಮಾತು. ಮಕ್ಕಳ ಸೀಟಿನ ಮೇಲಿನ ಪಟ್ಟಿ ಕಟ್ಟುವ ಕೊಂಡಿ ಕೆಲವು ಕಾರುಗಳಲ್ಲಿ ಸೀಟಿನ ಬೆನ್ನ ಹಿಂದೆ ಕೆಳಗೆ ಇರುತ್ತದೆ, ಫ್ಲೋರ್ ಅದನ್ನು ಮುಚ್ಚಿಬಿಡುವ ಸಾಧ್ಯತೆ ಜಾಸ್ತಿ. ರಟ್ಟಿನ ಹಂತದಲ್ಲೇ ನೋಡಿಕೊಳ್ಳಿ.

ತೂತು ಕೊರೆಯಬಹುದಾ?

ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ಕೊರೆಯುವ ಮುಂಚೆ ಕಾರನ್ನು ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಲೇಬೇಕು. ಪೆಟ್ರೋಲ್ ಟ್ಯಾಂಕ್ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಅಡಿಯಲ್ಲಿ ಇರುತ್ತದೆ, ಅದರ ಪೈಪು, ಬ್ರೇಕ್ ಪೈಪು, ಎಬಿಎಸ್ ವೈರ್, ಸೈಲೆನ್ಸರ್ ಎಲ್ಲ ಡಿಕ್ಕಿಯ ಕೆಳಗೇ ಓಡಾಡುತ್ತವೆ. ಮೇಲಿನಿಂದ ಅಂದಾಜಿನ ಮೇಲೆ ಡ್ರಿಲ್ ಇಳಿಸಿದರೆ ಎಲ್ಲಿ ಹೋಗಿ ತಾಗುತ್ತದೆ ಅಂತ ಗೊತ್ತಾಗಲ್ಲ. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ, ಬೇಕಾದಷ್ಟೇ ಆಳಕ್ಕೆ ಇಳಿಯುವಂತೆ ಮಾಡಿಕೊಳ್ಳಿ.

ಡಿಕ್ಕಿಯ ತಗಡು ಒಂದು ಎಂಎಂಗಿಂತಲೂ ತೆಳು. ಬೋಲ್ಟ್ ಎಷ್ಟೇ ಗಟ್ಟಿ ಇದ್ದರೂ ತಗಡು ಹರಿದುಕೊಂಡು ಬರುತ್ತದೆ. ಅದಕ್ಕೇ ಕೆಳಗಡೆ 50×50 ಎಂಎಂ ಅಳತೆಯ, 3 ಎಂಎಂ ದಪ್ಪದ ಉಕ್ಕಿನ ಪ್ಲೇಟ್ ಇಟ್ಟು ಬೋಲ್ಟ್ ಹಾಕಬೇಕು. ಮೂಲೆಗಳನ್ನು ಫೈಲ್ ಹಾಕಿ ಗುಂಡಗೆ ಮಾಡಿ. ತೂತಿನ ಅಂಚಿಗೆ ಝಿಂಕ್ ಪ್ರೈಮರ್, ಬೋಲ್ಟ್ ಸುತ್ತ ಸೀಲೆಂಟ್, ಕೆಳಗೆ ಅಂಡರ್‌ಬಾಡಿ ಕೋಟಿಂಗ್. ಇದರಲ್ಲಿ ಒಂದು ಬಿಟ್ಟರೂ ತುಕ್ಕು ಅಲ್ಲಿಂದಲೇ ಶುರು. ಡ್ರಿಲ್ ಮಾಡಿದ ಲೋಹದ ಪುಡಿಯನ್ನು ವ್ಯಾಕ್ಯೂಮ್ ಹಾಕಿ ತೆಗೆಯಿರಿ, ಅದೂ ತುಕ್ಕು ಹಿಡಿದು ಬಣ್ಣ ಹಾಳು ಮಾಡುತ್ತದೆ.

ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆದು "ಹಿಡಿಸಿದೀವಿ ಸಾರ್" ಅನ್ನುವವರ ಕೆಲಸ ಒಪ್ಪಿಕೊಳ್ಳಬೇಡಿ. ತೆಳು ತಗಡಿನಲ್ಲಿ ಅದಕ್ಕೆ ಕಚ್ಚಲು ಒಂದೆರಡು ಸುತ್ತು ಥ್ರೆಡ್ ಕೂಡ ಸಿಗಲ್ಲ. ಕಾರ್ಪೆಟ್ ಹಿಡಿಯಲು ಸರಿ, ಭಾರಕ್ಕಲ್ಲ.

ಬೋಲ್ಟ್ ಯಾವ ಸೈಜು, ಎಷ್ಟು ಟೈಟ್?

ಎಂ8 (8 ಎಂಎಂ ದಪ್ಪದ್ದು), ತಲೆಯ ಮೇಲೆ ಗಟ್ಟಿತನದ ದರ್ಜೆ 8.8 ಅಂತ ಕೆತ್ತಿರಬೇಕು. ಗುರುತೇ ಇಲ್ಲದ ಬೋಲ್ಟ್ ಬೇಡ. ಒಂದು ಎಂ8 8.8 ಬೋಲ್ಟ್ ಹಿಗ್ಗದೆ ಎರಡು ಟನ್ ಎಳೆತ ತಡೆಯುತ್ತದೆ, ಹಾಗಾಗಿ ಸೋಲುವುದು ಯಾವತ್ತೂ ಅದರ ಸುತ್ತಲಿನ ತಗಡು ಇಲ್ಲವೇ ಮರ. ನಟ್ಟು ನೈಲಾಕ್ (ಒಳಗೆ ನೈಲಾನ್ ಉಂಗುರ ಇರುವುದು) ಇರಲಿ, ಅಲುಗಾಟಕ್ಕೆ ಸಡಿಲ ಆಗಲ್ಲ. ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಬಳಸಬೇಡಿ, ಹೊಸದು ಕೆಲವೇ ರೂಪಾಯಿ.

ಲೋಹಕ್ಕೆ ಲೋಹ ಕೂತ ಕಡೆ ಎಂ8 ಬೋಲ್ಟ್‌ಗೆ ಸುಮಾರು 25 ನ್ಯೂಟನ್ ಮೀಟರ್ ಟಾರ್ಕ್. ಕಂಪನಿಯ ನಟ್ಟಿಗೆ ಹಾಕುವಾಗ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳಿದ ಅಂಕಿಯೇ ಸರಿ. ನಡುವೆ ಪ್ಲೈವುಡ್ ಇದ್ದರೆ ಕಥೆ ಬೇರೆ. ಮರ ಅದುಮಿಕೊಳ್ಳುತ್ತದೆ, ಇವತ್ತು ಟೈಟ್ ಇದ್ದದ್ದು ಮುಂದಿನ ತಿಂಗಳು ಸಡಿಲ. ಎರಡೂ ಕಡೆ 30 ಎಂಎಂ ಅಗಲದ ವಾಷರ್ ಹಾಕಿ, ಇನ್ನೂ ಒಳ್ಳೆಯದು ಬೇಕಾದರೆ ಮರದ ತೂತಿನೊಳಗೆ ಪ್ಲೈ ದಪ್ಪದಷ್ಟೇ ಉದ್ದದ ಉಕ್ಕಿನ ಬುಷ್ (ಕೊಳವೆಯಂತಹ ತುಂಡು) ಕೂರಿಸಿ. ಆಗ ಬೋಲ್ಟಿನ ಬಿಗಿತ ಬುಷ್ ಮೇಲೆ ಬೀಳುತ್ತದೆ, ಮರದ ಮೇಲಲ್ಲ.

ಟೈಟ್ ಮಾಡಿದ ಮೇಲೆ ನಟ್ಟಿನಿಂದ ಬ್ರಾಕೆಟ್‌ವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಯಾವಾಗ ನೋಡಿದರೂ ಗೆರೆ ನೇರ ಇದ್ದರೆ ಸರಿ, ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ.

ಸಬ್ ಡಬ್ಬ, ಆಂಪ್ ಎರಡನ್ನೂ ಫ್ಲೋರಿಗೆ ಹೇಗೆ ಕೂರಿಸಲಿ?

ಆಂಪ್ ಹಗುರ, ಪ್ಲೈಗೆ ಟಿ-ನಟ್ (ಮರದಲ್ಲಿ ಕಚ್ಚಿ ಕೂರುವ ನಟ್ಟು) ಕೂರಿಸಿ ಬೋಲ್ಟ್ ಹಾಕಿ. ಡಬ್ಬದ ತಳಕ್ಕೂ ಟಿ-ನಟ್ ಹಾಕಬಹುದು, ಆದರೆ ಅದನ್ನು ಪ್ಲೈಗಷ್ಟೇ ಅಲ್ಲ, ಪ್ಲೈ ಕೆಳಗಿನ ಚೌಕಟ್ಟಿಗೂ ಸೇರುವಂತೆ ಬೋಲ್ಟ್ ಕೊಡಿ. ಡಬ್ಬದಿಂದ ಗಾಳಿ ಸೋರದಂತೆ ತೂತಿಗೆ ಸೀಲೆಂಟ್. ಆಗಾಗ ಡಬ್ಬ ತೆಗೆದಿಡುವವರು ರ‍್ಯಾಚೆಟ್ ಪಟ್ಟಿ ಬಳಸಿ, ಪಟ್ಟಿಯ ಕೊಕ್ಕೆ ಬಾಡಿಯ ಲಗೇಜ್ ಕೊಂಡಿಗೇ ಹೋಗಲಿ. ವೆಲ್ಕ್ರೋ ಅಂಟಿಸಿ ಸಬ್ ಡಬ್ಬ ಬಿಡುವುದನ್ನು ನಾನು ಒಪ್ಪುವುದಿಲ್ಲ. ಬಿಸಿಲಿಗೆ ಅದರ ಅಂಟೇ ಮೆತ್ತಗಾಗುತ್ತದೆ.

ಫ್ಲೋರ್ ಮೇಲಿಡುವ ಲಗೇಜ್ ಬೇರೆ ವಿಷಯ. ಫ್ಲೋರ್ ಎತ್ತರ ಆದಷ್ಟೂ ಸೂಟ್‌ಕೇಸ್ ಸೀಟಿನ ಬೆನ್ನ ಮೇಲ್ತುದಿಗೆ ಹತ್ತಿರ ಬರುತ್ತದೆ. ಅದನ್ನು ಮೀರಬಾರದು. ಹಿಡಿಸಿದ ಕೊಕ್ಕೆಗಳು ಫ್ಲೋರ್ ಕೆಳಗೆ ಮುಚ್ಚಿಹೋಗಿದ್ದರೆ, ಮೇಲೆ ಹೊಸ ಕೊಕ್ಕೆ ಕೊಡಿ, ಅದರ ಬೋಲ್ಟ್ ಚೌಕಟ್ಟಿಗೆ ಇಳಿಯಲಿ.

ವೈರಿಂಗ್ ಫ್ಲೋರ್ ಕೆಳಗೆ ಮುಚ್ಚಿಟ್ಟರೆ ಬೆಂಕಿಯ ಭಯ ಇದೆಯಾ?

ಕೆಲಸ ಸರಿ ಇಲ್ಲದಿದ್ದರೆ ಇದೆ. ಆಂಪಿನ ಪವರ್ ಕೇಬಲ್‌ಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಡಿಕ್ಕಿಯಲ್ಲಿ ಆಂಪ್ ಹತ್ತಿರ ಇರುವ ಫ್ಯೂಸ್ ಆಂಪ್ ಕಾಯುತ್ತದೆ, ಬ್ಯಾಟರಿಯಿಂದ ಡಿಕ್ಕಿವರೆಗಿನ ಉದ್ದನೆಯ ವೈರನ್ನು ಕಾಯುವುದು ಬ್ಯಾಟರಿ ಪಕ್ಕದ ಫ್ಯೂಸ್ ಮಾತ್ರ. ಲೋಹದ ತೂತಿನ ಮೂಲಕ ವೈರ್ ಹೋಗುವ ಪ್ರತಿ ಕಡೆ ರಬ್ಬರ್ ಗ್ರಾಮೆಟ್ (ವೈರ್ ಕೊಯ್ಯದಂತೆ ಕಾಯುವ ಉಂಗುರ). ಚೌಕಟ್ಟಿನ ಅಂಚಿಗೆ ವೈರ್ ಉಜ್ಜುತ್ತಿದ್ದರೆ ಸ್ಲೀವ್ ಹಾಕಿ, ಕ್ಲಿಪ್ ಹಾಕಿ ಹಿಡಿಸಿ. ಅರ್ತ್ ವೈರ್ ಬಣ್ಣ ಕೆರೆದ ಬರೀ ಲೋಹಕ್ಕೆ ಹೋಗಬೇಕು, ಅದಕ್ಕೂ ಸೀಟ್ ಬೆಲ್ಟ್ ಬೋಲ್ಟ್ ಬಳಸಬೇಡಿ.

ಬಿಸಿ ಇನ್ನೊಂದು. ಕ್ಲಾಸ್ ಎಬಿ ಅನ್ನುವ ಬಗೆಯ ಆಂಪ್ ಎಳೆದ ಕರೆಂಟಿನ ದೊಡ್ಡ ಪಾಲನ್ನು ಬಿಸಿಯಾಗಿಯೇ ಹೊರಹಾಕುತ್ತದೆ, ಕ್ಲಾಸ್ ಡಿ ಕಡಿಮೆ. ಆಂಪ್ ಮೇಲೆ ಕಡೇ ಪಕ್ಷ ಎರಡು ಇಂಚು ಖಾಲಿ ಬಿಡಿ, ಒಂದು ಕಡೆಯಿಂದ ಗಾಳಿ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ ಹೋಗುವಂತೆ ಜಾಲರಿ ಕೊಡಿ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಮೊದಲೇ ಸುಡುತ್ತಿರುತ್ತದೆ. ಫ್ಲೋರ್ ಕೆಳಗಿನ ಖಾಲಿ ಜಾಗದಲ್ಲಿ ಪವರ್ ಬ್ಯಾಂಕ್, ಡಿಯೋಡರೆಂಟ್ ಕ್ಯಾನ್, ಲೈಟರ್ ಇಡಬೇಡಿ.

ಕಾರ್ಪೆಟ್ ಅಂಟಿಸುವ ರಬ್ಬರ್ ಬೇಸ್ಡ್ ಅಂಟಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಕಾರಿನ ಹೊರಗೆ ಅಂಟಿಸಿ, ಒಂದು ದಿನ ಪೂರ್ತಿ ಒಣಗಿಸಿ, ಆಮೇಲೆ ಒಳಗೆ ತನ್ನಿ.

ಸ್ಟೆಪ್ನಿ ಏನು ಮಾಡಲಿ?

ಹತ್ತು ನಿಮಿಷದೊಳಗೆ, ಕತ್ತಲಲ್ಲಿ, ಮಳೆಯಲ್ಲಿ, ಒಬ್ಬರೇ ಇದ್ದಾಗ ಹೊರಗೆ ತೆಗೆಯಲು ಆಗಬೇಕು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಪಂಕ್ಚರ್ ಆದಾಗ ಸ್ಪ್ಯಾನರ್ ಹಿಡಿದು ಎಂಟು ಬೋಲ್ಟ್ ಬಿಚ್ಚುತ್ತಾ ಕೂರುವುದು ಅಪಾಯ. ಕೀಲಿನ ಮುಚ್ಚಳ ಇದ್ದರೆ ಸುಲಭ. ಜಾಕ್, ವೀಲ್ ಸ್ಪ್ಯಾನರ್, ಎಚ್ಚರಿಕೆಯ ತ್ರಿಕೋನ ಮೂರನ್ನೂ ಫ್ಲೋರ್ ಮೇಲ್ಗಡೆ ಪಕ್ಕದಲ್ಲಿ ಕಟ್ಟಿಡಿ.

ಸ್ಟೆಪ್ನಿ ತೆಗೆದು ಆ ಗುಂಡಿಯಲ್ಲೇ ಸಬ್ ಕೂರಿಸುವ ಆಸೆ ತುಂಬಾ ಜನಕ್ಕೆ ಇದೆ. ಟ್ಯೂಬ್‌ಲೆಸ್ ಟೈರ್, ಟೈರ್ ಪ್ರೆಶರ್ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಅಂತ 2020ರಲ್ಲಿ ನಿಯಮ ಬದಲಾಯಿತು. ಆದರೆ ನಮ್ಮ ಗುಂಡಿ ರಸ್ತೆಗಳಲ್ಲಿ ಟೈರಿನ ಪಕ್ಕವೇ ಹರಿದರೆ ಕಿಟ್ ಏನೂ ಮಾಡಲ್ಲ. ಊರು ಬಿಟ್ಟು ಓಡಾಡುವವರು ಸ್ಟೆಪ್ನಿ ಉಳಿಸಿಕೊಳ್ಳಿ.

ಸಿಎನ್‌ಜಿ ಕಾರು. ಸಿಲಿಂಡರ್ ಮುಚ್ಚಿ ಫ್ಲೋರ್ ಮಾಡಬಹುದಾ?

ಗಾಳಿ ಆಡದಂತೆ ಮುಚ್ಚುವುದಾದರೆ ಖಂಡಿತ ಬೇಡ. ವಾಲ್ವ್ ಹತ್ತಿರ ಸೋರಿದರೆ ಗ್ಯಾಸ್ ಹೊರಗೆ ಹೋಗಲು ಪೈಪಿನ ವ್ಯವಸ್ಥೆ ಇರುತ್ತದೆ, ಅದನ್ನು ಒತ್ತಬಾರದು, ಮಡಚಬಾರದು. ವಾಲ್ವಿನ ತಿರುಗಿಸುವ ಹಿಡಿ ಯಾವಾಗಲೂ ಕೈಗೆ ಸಿಗಬೇಕು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್‌ಗೆ (ನೀರಿನ ಒತ್ತಡದ ಪರೀಕ್ಷೆಗೆ) ಬಿಚ್ಚಲೇಬೇಕು, ನಿಮ್ಮ ಚೌಕಟ್ಟು ಅದಕ್ಕೆ ಅಡ್ಡ ಬರಬಾರದು. ಸಿಲಿಂಡರ್ ಬ್ರಾಕೆಟ್‌ಗೆ ಫ್ಲೋರಿನ ಯಾವ ಭಾಗವನ್ನೂ ಹಿಡಿಸಬೇಡಿ. ಸಿಲಿಂಡರ್ ಪಕ್ಕ ಆಂಪ್, ರಿಲೇ ಬೇಡ.

2023ರಲ್ಲಿ ಬಂದ ಆಲ್ಟ್ರೋಜ್ ಸಿಎನ್‌ಜಿಯಂತಹ ಕಾರುಗಳಲ್ಲಿ ಕಂಪನಿಯೇ ಎರಡು ಚಿಕ್ಕ ಸಿಲಿಂಡರ್ ಕೆಳಗಿಟ್ಟು ಮೇಲೆ ನೆಲ ಕೊಟ್ಟಿದೆ. ಅದರ ಮೇಲೆ ಇನ್ನೊಂದು ನೆಲ ಕಟ್ಟಲು ಹೋಗಬೇಡಿ, ಅಲ್ಲಿ ಕೊರೆಯುವ ಮಾತಂತೂ ಇಲ್ಲವೇ ಇಲ್ಲ.

ಎಲೆಕ್ಟ್ರಿಕ್ ಕಾರಿಗೆ?

ತೂತು ಕೊರೆಯಬೇಡಿ. ಕಂಪನಿಯ ನಟ್ಟುಗಳಿಗೆ ಮಾತ್ರ ಹಿಡಿಸಿ. ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈ ಹಾಕಬೇಡಿ, ಅದು ಹೈ ವೋಲ್ಟೇಜ್.

ಮಲಗಲು ಪ್ಲಾಟ್‌ಫಾರ್ಮ್ ಮಾಡುತ್ತಿದ್ದೇನೆ. ಬೇರೆ ಏನು ನೋಡಬೇಕು?

ತೂಕ ಮೊದಲು. ಡ್ರಾಯರ್, ಬ್ಯಾಟರಿ, ನೀರಿನ ಕ್ಯಾನ್ ಸೇರುತ್ತಾ ಹೋದರೆ ಇಬ್ಬರು ದೊಡ್ಡವರ ತೂಕ ಆಗುವುದು ಗೊತ್ತೇ ಆಗಲ್ಲ. ಕಾರಿನ ಒಟ್ಟು ತೂಕದ ಮಿತಿಯಿಂದ ಖಾಲಿ ಕಾರಿನ ತೂಕ ಕಳೆಯಿರಿ, ಉಳಿದದ್ದರಲ್ಲಿ ಜನ, ಲಗೇಜ್, ಫ್ಲೋರ್ ಎಲ್ಲ ಸೇರಬೇಕು. ಡ್ರಾಯರ್‌ಗೆ ಲಾಕ್ ಇರುವ ಚಾನಲ್ ಹಾಕಿ. ಮನೆಯ ಅಡುಗೆಮನೆ ಡ್ರಾಯರ್ ಚಾನಲ್ ಬ್ರೇಕ್ ಹೊಡೆದಾಗ ತಾನೇ ತೆರೆದುಕೊಳ್ಳುತ್ತದೆ.

ಕಾರು ಓಡುವಾಗ ಯಾರೂ ಅದರ ಮೇಲೆ ಮಲಗಬಾರದು, ಮಕ್ಕಳು ಕೂಡ. ನಿಂತಾಗ ಮಾತ್ರ ಹಾಸಿಗೆ. ಒಳಗೆ ಮಲಗಿರುವವರು ಹಿಂದಿನ ಬಾಗಿಲಿನಿಂದ ಅಥವಾ ಪಕ್ಕದ ಬಾಗಿಲಿನಿಂದ ಸಲೀಸಾಗಿ ಹೊರಬರುವಂತೆ ಇರಲಿ.

ಆರ್‌ಟಿಒ ತಕರಾರು ಮಾಡುತ್ತಾರಾ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಒಪ್ಪಿಗೆ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಬಿಚ್ಚಿ ತೆಗೆಯಬಹುದಾದ ಡಿಕ್ಕಿ ಫ್ಲೋರ್ ಆರ್‌ಸಿಯ ವಿವರ ಬದಲಿಸುವುದಿಲ್ಲ. ಹಿಂದಿನ ಸೀಟು ಪೂರ್ತಿ ಕಿತ್ತು ಪ್ಲಾಟ್‌ಫಾರ್ಮ್ ಹಾಕಿದರೆ ಸೀಟಿನ ಸಂಖ್ಯೆ ಬದಲಾಯಿತು, ಅದು ತೊಂದರೆ. ಬಾಡಿ ಕತ್ತರಿಸುವುದು, ವೆಲ್ಡ್ ಮಾಡುವುದೂ ತೊಂದರೆ. ಇನ್ನೊಂದು ಮಾತು, ಚುನಾವಣೆ ಸಮಯದಲ್ಲಿ ಚೆಕ್‌ಪೋಸ್ಟ್‌ಗಳಲ್ಲಿ ಡಿಕ್ಕಿ ತೆರೆಸುತ್ತಾರೆ. ಕೆಳಗೆ ಖಾಲಿ ಜಾಗ ಇರುವ ನೆಲ ಕಂಡರೆ ಪೊಲೀಸರಿಗೆ ಅನುಮಾನ ಬರುವುದು ಸಹಜ. ಎತ್ತಿ ತೋರಿಸಲು ಆಗುವ ಮುಚ್ಚಳ ಇದ್ದರೆ ಎರಡು ನಿಮಿಷದ ಕೆಲಸ.

ಇನ್ಶೂರೆನ್ಸ್?

ಆಂಪ್, ಸಬ್‌ನಂತಹ ಹೊರಗಿನ ಸಾಮಾನನ್ನು ಪಾಲಿಸಿಯಲ್ಲಿ ಬೇರೆಯಾಗಿ ಬೆಲೆ ಹಾಕಿ ಸೇರಿಸಬೇಕು, ಇಲ್ಲದಿದ್ದರೆ ಕ್ಲೇಮ್ ಬರುವುದು ಕಷ್ಟ. ರಿನ್ಯೂವಲ್‌ಗೆ ಮುಂಚೆ ಬಿಲ್, ಫೋಟೋ ಕಳಿಸಿ ಬರಹದಲ್ಲಿ ಉತ್ತರ ಪಡೆಯಿರಿ.

ಮಳೆಗಾಲದಲ್ಲಿ ಫ್ಲೋರ್ ಕೆಳಗೆ ಮುಗ್ಗಲು ವಾಸನೆ ಬರುತ್ತಿದೆ.

ಟೈಲ್ ಲ್ಯಾಂಪ್ ಸುತ್ತಲಿನ ಗ್ಯಾಸ್ಕೆಟ್, ಬಾಗಿಲಿನ ರಬ್ಬರ್ ಇವೆರಡರಿಂದಲೇ ಹೆಚ್ಚಾಗಿ ನೀರು ಒಳಗೆ ಬರುತ್ತದೆ. ಸ್ಟೆಪ್ನಿ ಗುಂಡಿಯಲ್ಲಿ ನಿಲ್ಲುತ್ತದೆ. ಮೊದಲು ಫ್ಲೋರ್ ಇರಲಿಲ್ಲ, ಕಣ್ಣಿಗೆ ಬೀಳುತ್ತಿತ್ತು. ಈಗ ಮುಚ್ಚಿದೆ. ಫ್ಲೋರ್ ಕೂರಿಸುವ ಮುಂಚೆಯೇ ಹೋಸ್ ಪೈಪಿನಿಂದ ನೀರು ಹಾಯಿಸಿ ನೋಡಿಕೊಳ್ಳುವುದು ಒಳ್ಳೆಯದು. ಪ್ಲೈವುಡ್ಡಿನ ಎರಡೂ ಮುಖ ಮತ್ತು ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ ವಾರ್ನಿಷ್ ಅಥವಾ ಪಾಲಿಯುರೆಥೇನ್ ಹಚ್ಚಿ. ಕರಾವಳಿಯವರು ಕಬ್ಬಿಣದ ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸಿ.

ಕಟಕಟ ಸದ್ದು ಬರುತ್ತಿದೆ, ಫೆಲ್ಟ್ ಟೇಪ್ ಹಾಕಿದರೆ ಸಾಕಾ?

ಮೊದಲು ಎಲ್ಲಾ ಬೋಲ್ಟ್ ನೋಡಿ, ಆಮೇಲೆ ಟೇಪ್. ಸದ್ದು ಅಂದರೆ ಏನೋ ಆಡುತ್ತಿದೆ ಅಂತ. ಬೋಲ್ಟ್‌ಗಳು ಸರಿ ಇದ್ದು, ಹಲಗೆ ಪ್ಲಾಸ್ಟಿಕ್ ಟ್ರಿಮ್‌ಗೆ ತಾಗಿ ಸದ್ದು ಬರುತ್ತಿದ್ದರೆ ಫೆಲ್ಟ್ ಅಥವಾ ಇವಿಎ ಫೋಮ್ ಪಟ್ಟಿ ಸಾಕು. ಬ್ರಾಕೆಟ್ ಮತ್ತು ಬಾಡಿಯ ನಡುವೆ ಮಾತ್ರ ಫೋಮ್ ಇಡಬೇಡಿ, ಬೋಲ್ಟ್ ಬಿಗಿಯೇ ನಿಲ್ಲಲ್ಲ.

ಅಂಗಡಿಯಲ್ಲಿ ಮಾಡಿಸುತ್ತಿದ್ದೇನೆ. ಏನು ಕೇಳಲಿ?

ಬೆಂಗಳೂರಿನ ಜೆಸಿ ರೋಡ್ ಆಗಲಿ, ನಿಮ್ಮ ಊರಿನ ಆಕ್ಸೆಸರೀಸ್ ಅಂಗಡಿ ಆಗಲಿ, ಕೆಲಸ ಶುರುವಾಗುವ ಮುಂಚೆ ಕೇಳಿ: "ಬಾಡಿಗೆ ಎಷ್ಟು ಕಡೆ ಬೋಲ್ಟ್ ಬರುತ್ತೆ ಅಣ್ಣಾ? ಎಲ್ಲೆಲ್ಲಿ?" ಉತ್ತರ ಸ್ಪಷ್ಟವಾಗಿ ಬಂದರೆ ಒಳ್ಳೆಯ ಲಕ್ಷಣ. "ಟೈಟ್ ಫಿಟಿಂಗ್ ಸಾರ್, ಅಲ್ಲಾಡಲ್ಲ" ಅಂದರೆ ನೀವೇ ನಿಂತು ಹೇಳಿ ಮಾಡಿಸಿ. ಕಾರ್ಪೆಟ್ ಹೊದಿಸುವ ಮುಂಚೆ ನನಗೆ ತೋರಿಸಿ ಅಂತ ಮೊದಲೇ ಮಾತಾಡಿಕೊಳ್ಳಿ. ಬ್ರಾಕೆಟ್, ಬೋಲ್ಟ್, ವೈರಿಂಗ್ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಸರ್ವಿಸ್ ಸೆಂಟರಿನವರಿಗೂ ಬೇಕಾಗುತ್ತದೆ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಿಡಿಸಿದ್ದು ಸರಿ ಇದೆ ಅಂತ ಗೊತ್ತಾಗುವುದು ಹೇಗೆ? ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಎರಡೂ ಕೈಯಲ್ಲಿ ಫ್ಲೋರಿನ ಹಿಂದಿನ ಅಂಚು ಹಿಡಿದು ಮೇಲಕ್ಕೆ ಜಗ್ಗಿ. ಕಾರು ಸ್ಪ್ರಿಂಗ್ ಮೇಲೆ ಏಳಬೇಕೇ ಹೊರತು ಫ್ಲೋರ್ ಬಾಡಿಯಿಂದ ಬೇರೆಯಾಗಿ ಅಲುಗಬಾರದು. ಸಬ್ ಡಬ್ಬದ ಮೇಲ್ತುದಿ ಹಿಡಿದು ಮುಂದಕ್ಕೆ ತಳ್ಳಿ, ಅದೂ ಹಾಗೇ. ಆಮೇಲೆ ಜನ, ವಾಹನ ಇಲ್ಲದ ಖಾಲಿ ಮೈದಾನದಲ್ಲಿ ಮೂವತ್ತರ ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿ, ಹಿಂದಿನ ಸೀಟು ಖಾಲಿ ಇರಲಿ. ಇಳಿದು ಪೇಂಟ್ ಗೆರೆಗಳನ್ನು ನೋಡಿ. ಇದು ಅಪಘಾತದ ಪರೀಕ್ಷೆ ಅಲ್ಲ, ಬ್ರೇಕಿಗೇ ಅಲುಗುವ ಫ್ಲೋರನ್ನು ಹಿಡಿದು ತೋರಿಸುತ್ತದೆ ಅಷ್ಟೇ.

ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ ಎಲ್ಲಾ ಬೋಲ್ಟ್ ಟೈಟ್ ನೋಡಿ, ಮರ ಅಷ್ಟರಲ್ಲಿ ಕೂತಿರುತ್ತದೆ. ಆಮೇಲೆ ಪ್ರತಿ ಸರ್ವಿಸ್‌ಗೆ ಒಮ್ಮೆ, ಮತ್ತು ಮಳೆಗಾಲ ಮುಗಿದ ಮೇಲೆ ಒಮ್ಮೆ. ಸಣ್ಣದಾದರೂ ಅಪಘಾತ ಆಗಿದ್ದರೆ ಫ್ಲೋರ್ ಪೂರ್ತಿ ಬಿಚ್ಚಿ ಬ್ರಾಕೆಟ್ ಬಾಗಿದೆಯಾ, ಬೋಲ್ಟ್ ಸುತ್ತಲಿನ ತಗಡು ಎದ್ದಿದೆಯಾ ನೋಡಿ. ಬಾಗಿದ ಬ್ರಾಕೆಟನ್ನು ಬಡಿದು ನೆಟ್ಟಗೆ ಮಾಡಬೇಡಿ, ಹೊಸದು ಹಾಕಿ.